ಮನೆಗೇ ಬಂದು ಸಲಾಯಿನ್ ಹಚ್ಚುವವರನ್ನು ಅಪ್ಪನಿಗೆ ಕರೆಸಬಹುದಾ?

ತಿಕೋಟಾ ಹುಡುಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ, ಗೊತ್ತಿರುವವರು ದಯವಿಟ್ಟು ಹೇಳಿ.

ನಾನು ಬೆಂಗಳೂರಿನಲ್ಲಿದ್ದೇನೆ. ಅಪ್ಪ, ಅವ್ವ ಇಬ್ಬರೇ ತಿಕೋಟಾ ಹತ್ತಿರ ಊರಲ್ಲಿದ್ದಾರೆ. ನಮ್ಮದು ದ್ರಾಕ್ಷಿ ತೋಟ. ಈಗ ಮಣೂಕ ಒಣಗಿಸುವ ಸೀಸನ್, ಹಾಗಾಗಿ ಅಪ್ಪ ಬೆಳಿಗ್ಗೆ ಹೋದವರು ಸಂಜೆವರೆಗೆ ಶೆಡ್ಡಿನಲ್ಲೇ. ವಯಸ್ಸು 68. ಬಿಪಿ ಇದೆ, ಮಾತ್ರೆ ತಪ್ಪಿಸುವುದಿಲ್ಲ. ಶುಗರ್ ಇಲ್ಲ. ಈ ಬಿಸಿಲು ಎಂಥದ್ದು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕೆಲವು ದಿನದಿಂದ ಸುಸ್ತು ಅನ್ನುತ್ತಿದ್ದಾರೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದಂತೆ, ಕೂತವರು ಎದ್ದರೆ ಕಣ್ಣಿಗೆ ಕತ್ತಲೆ ಬರುತ್ತದಂತೆ. ನಿನ್ನೆಯಿಂದ ಭೇದಿ ಬೇರೆ ಶುರುವಾಗಿದೆ. ವಾಂತಿ ಇಲ್ಲ.

ನಮ್ಮ ಊರಿಗೆ ಒಬ್ಬರು ಬೈಕಿನಲ್ಲಿ ಬ್ಯಾಗ್ ಹಾಕಿಕೊಂಡು ಬರುತ್ತಾರೆ. ಕಿಟಕಿ ಸರಳಿಗೆ ದಾರ ಕಟ್ಟಿ ಬಾಟಲಿ ತೂಗುಹಾಕಿ, ಸೂಜಿ ಚುಚ್ಚಿ, ಹನಿ ಬಿಟ್ಟು ಮುಂದಿನ ಮನೆಗೆ ಹೋಗುತ್ತಾರೆ. ಬಾಟಲಿ ಮುಗಿದ ಮೇಲೆ ಮನೆಯವರೇ ಸೂಜಿ ತೆಗೆಯಬೇಕು. ಇಲ್ಲಿ ಬೆಂಗಳೂರಿನಲ್ಲಿ ಅದನ್ನೇ ಐವಿ ಹೈಡ್ರೇಶನ್ ಥೆರಪಿ ಅಂತ ಚೆಂದ ಮಾಡಿ ಜಾಹೀರಾತು ಹಾಕುತ್ತಾರೆ, ಆ್ಯಪಿನಲ್ಲಿ ಬುಕ್ ಮಾಡಿದರೆ ನರ್ಸ್ ಮನೆಗೇ ಬರುತ್ತಾರೆ. ವಿಜಯಪುರ ಸಿಟಿಯಲ್ಲೂ ಅಂಥವರು ಸಿಗುತ್ತಾರೆ ಅಂತ ಗೆಳೆಯ ಹೇಳಿದ. ಅವ್ವ ಮಾತ್ರ "ಒಂದು ಬಾಟಲಿ ಹಚ್ಚಿಸಿಬಿಡೋಣ, ಎದ್ದು ಕೂಡುತ್ತಾರೆ" ಅಂತ ಒಂದೇ ಸಮ ಹೇಳುತ್ತಿದ್ದಾಳೆ. ಅಪ್ಪ ದವಾಖಾನೆಗೆ ಬರಲ್ಲ ಅಂತ ಹಟ.

ಮನೆಯಲ್ಲೇ ಹಚ್ಚಿಸಬಹುದಾ? ಹಚ್ಚಿಸಿದರೆ ಏನೇನು ನೋಡಿಕೊಳ್ಳಬೇಕು?

ನವನಗರ ಸಿಸ್ಟರ್:

ತಮ್ಮಾ, ಬಾಟಲಿ ವಿಷಯ ಆಮೇಲೆ. ಮೊದಲು ಅವ್ವನಿಗೆ ಫೋನ್ ಹಚ್ಚಿ. ಅಪ್ಪಾರು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಾರಾ, ಇಲ್ಲಾ ಏನೇನೋ ಬಡಬಡಿಸುತ್ತಾರಾ? ಬೆಳಿಗ್ಗೆಯಿಂದ ಮೂತ್ರಕ್ಕೆ ಹೋಗಿದ್ದಾರಾ, ಬಣ್ಣ ಹೇಗಿತ್ತು? ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲುತ್ತಾ? ಭೇದಿಯಲ್ಲಿ ರಕ್ತ ಇದೆಯಾ? ನಾಲಿಗೆ ಒಣಗಿದೆಯಾ? ವಯಸ್ಸಾದವರ ಚರ್ಮ ಚಿವುಟಿ ನೋಡಬೇಡಿ, ಅದು ಮೊದಲೇ ಸಡಿಲ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ನಾಲಿಗೆ, ಮೂತ್ರ, ಮಾತು ಈ ಮೂರೇ ನೋಡಿ.

ಮಾತು ತೊದಲುತ್ತಿದ್ದರೆ, ಅರ್ಧ ದಿನದಿಂದ ಮೂತ್ರ ಇಲ್ಲದಿದ್ದರೆ, ಕುಡಿಯಲಿಕ್ಕೇ ಆಗದಷ್ಟು ಮಂಪರು ಇದ್ದರೆ, ರಕ್ತ ಕಂಡರೆ ಸೀದಾ 108ಕ್ಕೆ ಫೋನ್ ಮಾಡಿ. ಅಪ್ಪನ ಹಟ ಕೇಳಬೇಡಿ. ಇನ್ನೊಂದು, ಮೈ ಸುಡುತ್ತಾ ಥರ್ಮಾಮೀಟರಿನಲ್ಲಿ 104ರ ಮೇಲೆ ತೋರಿಸಿ ಮಾತು ತಪ್ಪಿದರೆ ಅದು ಹೀಟ್ ಸ್ಟ್ರೋಕ್. ಅಂಬುಲೆನ್ಸ್ ಬರುವವರೆಗೆ ನೆರಳಿಗೆ ತಂದು, ಬಟ್ಟೆ ಸಡಿಲ ಮಾಡಿ, ಮೈಮೇಲೆ ನೀರು ಹಾಕಿ ಫ್ಯಾನ್ ಹಚ್ಚಬೇಕು. ಅಂಥವರ ಬಾಯಿಗೆ ನೀರು ಸುರಿಯಬಾರದು. ಮನೆಗೆ ಸಲಾಯಿನ್ ತರಿಸುತ್ತಾ ಕೂತರೆ ಅಷ್ಟೂ ಹೊತ್ತು ಕೈಬಿಟ್ಟು ಹೋಗುತ್ತದೆ.

ಈಗ ಬಾಟಲಿ. ನಾನು ವಾರ್ಡಿನಲ್ಲಿ ದಿನಾ ಹಚ್ಚುವವಳು, ಅದರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತಕರಾರು ಹಚ್ಚಿ ಹೊರಟುಹೋಗುವುದರ ಮೇಲೆ. ದೊಡ್ಡವರಿಗೆ ಹಾಕುವ ಸೆಟ್ಟಿನಲ್ಲಿ ಸಾಮಾನ್ಯವಾಗಿ 20 ಹನಿಗೆ ಒಂದು ಎಂಎಲ್. 500 ಎಂಎಲ್ ಬಾಟಲಿ ನಾಲ್ಕು ತಾಸಿನಲ್ಲಿ ಹೋಗಬೇಕು ಅಂದರೆ ನಿಮಿಷಕ್ಕೆ 40 ಹನಿ ಚಿಲ್ಲರೆ. ಆ ಲೆಕ್ಕ ಇಡುವುದು ಪೈಪಿನ ಮೇಲಿರುವ ಸಣ್ಣ ಗಾಲಿ. ಮನೆಯಲ್ಲಿ ಏನಾಗುತ್ತದೆ? ಅವರಿಗೆ ಇನ್ನೊಂದು ಮನೆ ಇರುತ್ತದೆ, ಗಾಲಿ ಪೂರ್ತಿ ಬಿಟ್ಟು ಹೋಗುತ್ತಾರೆ. ಇಲ್ಲಾ ಮನೆಯವರೇ "ಏನು ಇಷ್ಟು ಸಾವಕಾಶ" ಅಂತ ತಿರುಗಿಸುತ್ತಾರೆ. ವಯಸ್ಸಾದ ಹೃದಯ ಅಷ್ಟು ನೀರನ್ನು ಒಮ್ಮೆಲೇ ತಡೆದುಕೊಳ್ಳದಿದ್ದರೆ ಎದೆಯಲ್ಲಿ ನೀರು ತುಂಬಿ ಮಲಗಿದವರಿಗೆ ಉಸಿರು ಕಟ್ಟುತ್ತದೆ. ಕೈ ಬಾತು ತಣ್ಣಗಾಗಿದ್ದರೆ ಸೂಜಿ ರಕ್ತನಾಳ ಬಿಟ್ಟು ಹೊರಗೆ ಬಂದಿದೆ ಅಂತ ಅರ್ಥ. ಅದನ್ನು ನೋಡಿ ನಿಲ್ಲಿಸಲು ಅಲ್ಲಿ ಯಾರು ಇರುತ್ತಾರೆ? ಆ ಹೊತ್ತಿಗೆ ಅವ್ವ ಒಬ್ಬಳೇ, ಅಲ್ವಾ?

ಟಿಳಕವಾಡಿ ಅಕ್ಕ:

ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ, ಯಾಕೆಂದರೆ ಮನೆಯಲ್ಲಿ ಹಚ್ಚುವುದೇ ತಪ್ಪು ಅಂತ ಯಾರೂ ತಿಳಿಯಬಾರದು. ನಮ್ಮ ಅತ್ತೆಯವರಿಗೆ ಕ್ಯಾನ್ಸರ್ ಇತ್ತು. ಕೊನೆ ಕೊನೆಗೆ ನುಂಗಲು ಆಗುತ್ತಿರಲಿಲ್ಲ. ಪ್ರತಿ ಸಲ ಬೆಳಗಾವಿಯ ಟ್ರಾಫಿಕ್ಕಿನಲ್ಲಿ ಅವರನ್ನು ಎತ್ತಿಕೊಂಡು ಹೋಗಿ ಬರುವುದು ಅವರಿಗೂ ನರಕ, ನಮಗೂ ನರಕ. ಅವರನ್ನು ನೋಡುತ್ತಿದ್ದ ಡಾಕ್ಟರೇ ಮನೆಯಲ್ಲಿ ಹಾಕಿಸಿ ಅಂತ ಬರೆದುಕೊಟ್ಟರು. ಯಾವ ನೀರು, ಎಷ್ಟು, ಎಷ್ಟು ತಾಸಿನಲ್ಲಿ ಅಂತ ಚೀಟಿಯಲ್ಲಿ ಸ್ಪಷ್ಟ ಇತ್ತು. ಬಂದ ಸಿಸ್ಟರ್ ಮೊದಲು ಬಿಪಿ, ನಾಡಿ, ಆಕ್ಸಿಜನ್ ನೋಡಿ ಬರೆದುಕೊಳ್ಳುತ್ತಿದ್ದರು. ಆಮೇಲೆ ಕೈ ತೊಳೆದು ಗ್ಲೌಸ್ ಹಾಕಿಕೊಂಡು, ನಮ್ಮ ಕಣ್ಣೆದುರೇ ಹೊಸ ಕ್ಯಾನುಲಾದ, ಅಂದರೆ ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆಯ, ಕವರ್ ಹರಿಯುತ್ತಿದ್ದರು. ಬಾಟಲಿಯನ್ನು ಬೆಳಕಿಗೆ ಹಿಡಿದು ಕಸರು ಇದೆಯಾ ನೋಡಿ, ಒಮ್ಮೆ ಒತ್ತಿ ಎಲ್ಲಾದರೂ ಸೋರುತ್ತಾ ನೋಡಿ, ತಾರೀಖು ನಮಗೆ ಓದಿಸಿ ಆಮೇಲೆ ಹಚ್ಚುತ್ತಿದ್ದರು. ಬಾಟಲಿ ಮುಗಿಯುವವರೆಗೆ ಕದಲುತ್ತಿರಲಿಲ್ಲ. ಸೂಜಿಯನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿಕೊಂಡು ವಾಪಸ್ ಒಯ್ಯುತ್ತಿದ್ದರು.

ಅತ್ತೆಯವರಿಗೆ ಅದು ನಿಜವಾಗಿ ನೆಮ್ಮದಿ ಕೊಟ್ಟಿತು. ಅವರ ಕಾಯಿಲೆ ಏನು ಅಂತ ಡಾಕ್ಟರಿಗೆ ಪೂರ್ತಿ ಗೊತ್ತಿತ್ತು, ಅದಕ್ಕೇ ಮನೆಯಲ್ಲಿ ನಡೆಯಿತು. ನಿಮ್ಮ ಅಪ್ಪಾಜಿಗೆ ಏನಾಗಿದೆ ಅಂತ ಇನ್ನೂ ಯಾರೂ ನೋಡಿಯೇ ಇಲ್ಲ. ಯಾರೂ ಪರೀಕ್ಷೆ ಮಾಡದೆ ಫೋನಿನಲ್ಲೇ ಪ್ಯಾಕೇಜ್ ಆರಿಸಿಕೊಳ್ಳಿ ಅನ್ನುವವರನ್ನು ನಾನಂತೂ ಮನೆಯೊಳಗೆ ಬಿಡುವುದಿಲ್ಲ.

ಪಿಎಚ್‌ಸಿ ಡಾಕ್ಟರ್, ಮುದ್ದೇಬಿಹಾಳ ಕಡೆ:

ಸಿಸ್ಟರ್ ಹೇಳಿದ್ದೆಲ್ಲ ಸರಿ. ನಾನು ಎರಡು ಮಾತು ಸೇರಿಸುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಮೊದಲನೆಯದು ನಿಮ್ಮ ತಂದೆಯವರ ಬಿಪಿ ಮಾತ್ರೆ. ಆ ಶೀಟ್ ತೆಗೆದು ಹೆಸರಿನ ಕೊನೆಯಲ್ಲಿ 'ಎಚ್' ಅಂತ ಇದೆಯಾ ನೋಡಿಸಿ. ಇದ್ದರೆ ಬಹುಮಟ್ಟಿಗೆ ಅದರಲ್ಲಿ ಹೈಡ್ರೋಕ್ಲೋರೋಥಯಾಝೈಡ್ ಸೇರಿರುತ್ತದೆ. ಅದು ಉಪ್ಪು, ನೀರು ಎರಡನ್ನೂ ಮೂತ್ರದಲ್ಲಿ ಹೊರಗೆ ಹಾಕುವ ಔಷಧ. ಉಳಿದ ದಿನಗಳಲ್ಲಿ ಒಳ್ಳೆಯದೇ. ಆದರೆ ಶೆಡ್ಡಿನ ಬಿಸಿಗೆ ಬೆವರಿ, ಮೇಲಿಂದ ಭೇದಿಯೂ ಆದಾಗ ಅದೇ ಮಾತ್ರೆ ಇನ್ನಷ್ಟು ಒಣಗಿಸುತ್ತದೆ. ಸೋಡಿಯಂ ಇಳಿಯುತ್ತದೆ, ಬಿಪಿ ಬೀಳುತ್ತದೆ. ಎದ್ದಾಗ ಕಣ್ಣಿಗೆ ಕತ್ತಲೆ ಬರುವುದು, ಮೀನಖಂಡ ಹಿಡಿಯುವುದು ಎರಡಕ್ಕೂ ಇದೇ ಕಾರಣ ಇರಬಹುದು. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಭೇದಿ ಇದೆ ಅಂತ ಹೇಳಿ ಕೇಳಿ. ಶುಗರ್‌ಗೆ ಡಾಪಾಗ್ಲಿಫ್ಲೋಝಿನ್ ಥರದ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಓದುತ್ತಿದ್ದರೆ ನಿಮಗೂ ಇದೇ ಮಾತು.

ಎರಡನೆಯದು, ಬಾಟಲಿಯಲ್ಲಿ ಏನಿರುತ್ತದೆ ಅನ್ನುವುದು. ನಾರ್ಮಲ್ ಸಲಾಯಿನ್ ಅಂದರೆ ಲೀಟರಿಗೆ 9 ಗ್ರಾಂ ಉಪ್ಪು ಹಾಕಿದ ಶುದ್ಧ ನೀರು. ಅಂದರೆ 500 ಎಂಎಲ್‌ನಲ್ಲಿ ಒಂದು ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು. ಡಿಎನ್‌ಎಸ್ ಅನ್ನುವ ಬಾಟಲಿ ಆದರೆ ಅದರ ಜೊತೆ 25 ಗ್ರಾಂ ಗ್ಲೂಕೋಸ್. ಜನ ಇಷ್ಟಪಟ್ಟು ಕೇಳುವ ಹಳದಿ ಬಾಟಲಿಗೆ ವಿಟಮಿನ್ ಸೇರಿಸಿರುತ್ತಾರೆ, ಹಳದಿ ಬರುವುದು ಮುಖ್ಯವಾಗಿ ಬಿ-2 ವಿಟಮಿನ್ನಿಂದ. ಮೈಗೆ ಬೇಡವಾದಷ್ಟು ಅದೇ ಬಣ್ಣದಲ್ಲಿ ಮೂತ್ರವಾಗಿ ಹೊರಗೆ ಹೋಗುತ್ತದೆ. ಶಕ್ತಿ ಬರುವ ಗುಟ್ಟು ಅದರಲ್ಲಿ ಏನೂ ಇಲ್ಲ.

ರಕ್ತನಾಳಕ್ಕೆ ಉಪ್ಪುನೀರು ಕೊಡುವುದು ಹಳೆಯ ವಿದ್ಯೆ. 1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ ಎಂಬ ಡಾಕ್ಟರ್ ಕಾಲರಾ ರೋಗಿಗಳಿಗೆ ಕೊಟ್ಟರು. ಪ್ರಜ್ಞೆ ತಪ್ಪುವಷ್ಟು ನೀರು ಕಳೆದುಕೊಂಡವರಿಗೆ ಇವತ್ತಿಗೂ ಅದೇ ಬೇಕು. ಅಂಥವರಿಗೆ ಕೆ.ಜಿ. ತೂಕಕ್ಕೆ 100 ಎಂಎಲ್ ಲೆಕ್ಕದಲ್ಲಿ ರಿಂಗರ್ ಲ್ಯಾಕ್ಟೇಟ್ ಅನ್ನುವ ಇನ್ನೊಂದು ಬಗೆಯ ಸಲಾಯಿನ್ ಕೊಡಬೇಕು, ಮೊದಲ 30 ಎಂಎಲ್ ಅರ್ಧ ತಾಸಿನಲ್ಲೇ ಹೋಗಬೇಕು. 60 ಕೆ.ಜಿ. ಮನುಷ್ಯನಿಗೆ ಒಟ್ಟು 6 ಲೀಟರ್ ಆಯಿತು. ಮನೆಗೆ ತರುವ ಒಂದು ಬಾಟಲಿ ಅವರಿಗೆ ಯಾತಕ್ಕೂ ಸಾಲದು, ಅವರು ಆಸ್ಪತ್ರೆಯಲ್ಲಿರಬೇಕು. ಕುಡಿಯಲು ಆಗುವವರಿಗೆ ಸಾಮಾನ್ಯವಾಗಿ ಆ ಬಾಟಲಿ ಬೇಕಾಗಿಯೇ ಇಲ್ಲ. ನನಗೆ ಬೇಜಾರಾಗುವುದು ಇದೇ.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ, ಬಂಗಾಳದ ಬನಗಾಂವ್‌ನಲ್ಲಿ, ಕಾಲರಾ ಬಂತು. ಸಲಾಯಿನ್ ಮುಗಿಯುತ್ತಾ ಬಂತು. ಡಾ. ದಿಲೀಪ್ ಮಹಾಲನಬೀಸ್ ಅವರು ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಸೇರಿಸಿದ ನೀರನ್ನು ಡ್ರಮ್‌ಗಳಲ್ಲಿ ತುಂಬಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಕಾರಣ ಸರಳ. ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಒಟ್ಟಿಗೆ ಒಳಗೆ ಹೋಗುವ ಒಂದು ದಾರಿ ಇದೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಭೇದಿ ಆಗುತ್ತಿರುವಾಗಲೂ ಆ ದಾರಿ ಕೆಲಸ ಮಾಡುತ್ತದೆ. ಅವರಿಗೆ 2023ರಲ್ಲಿ, ತೀರಿಹೋದ ಮೇಲೆ, ಪದ್ಮವಿಭೂಷಣ ಬಂತು. ಇನ್ನು ಅಮೆರಿಕದಲ್ಲಿ 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತಕ್ಕೆ ಸಲಾಯಿನ್ ತಯಾರಿಸುವ ದೊಡ್ಡ ಕಾರ್ಖಾನೆ ನೀರಲ್ಲಿ ಮುಳುಗಿದಾಗ ಅಲ್ಲಿನ ಆಸ್ಪತ್ರೆಗಳೂ ಕುಡಿಯಬಲ್ಲ ರೋಗಿಗಳಿಗೆ ಬಾಯಿಯಿಂದಲೇ ಕೊಡಲು ಶುರುಮಾಡಿದವು.

ನಿಮ್ಮ ತಂದೆ ಕುಡಿಯುತ್ತಾರೆ, ವಾಂತಿ ಇಲ್ಲ. ಹಾಗಾದರೆ ಈಗಿನಿಂದಲೇ ಓಆರ್‌ಎಸ್, ಅಂದರೆ ಅಂಥದ್ದೇ ಉಪ್ಪು, ಗ್ಲೂಕೋಸ್ ಸೇರಿಸಿದ ನೀರು. ಸ್ವಲ್ಪ ಒಣಗಿದ ದೊಡ್ಡವರಿಗೆ ಕೆ.ಜಿ.ಗೆ 75 ಎಂಎಲ್ ಲೆಕ್ಕ, ನಾಲ್ಕು ತಾಸಿನಲ್ಲಿ, ಗುಟುಕು ಗುಟುಕಾಗಿ. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ನಡೆಯದು, ಅದನ್ನು ನೋಡಿದ ಡಾಕ್ಟರ್ ಹೇಳಬೇಕು.

ತಿಕೋಟಾ ಹುಡುಗ:

ಸರ್, ಸಿಸ್ಟರ್, ಅಕ್ಕಾ, ಎಲ್ಲರಿಗೂ ತುಂಬಾ ಧನ್ಯವಾದ. ಅವ್ವನ ಹತ್ತಿರ ಮಾತ್ರೆ ಶೀಟಿನ ಫೋಟೋ ತರಿಸಿಕೊಂಡೆ. ಹೆಸರಿನ ಕೊನೆಗೆ ಎಚ್ ಇದೆ! ಡಾಕ್ಟರಿಗೆ ಫೋನ್ ಮಾಡಿದೆ, ಸದ್ಯ ಎಚ್ ಇಲ್ಲದ್ದು ತೆಗೆದುಕೊಳ್ಳಲಿ, ನಾಳೆ ಕರೆದುಕೊಂಡು ಬನ್ನಿ ಅಂದರು. ಅಪ್ಪ ಚೆನ್ನಾಗಿ ಮಾತಾಡುತ್ತಾರೆ, ಮೂತ್ರಕ್ಕೆ ಹೋಗಿದ್ದಾರೆ, ಆದರೆ ಕಡು ಹಳದಿ ಅಂತೆ. ಹೃದಯ, ಕಿಡ್ನಿ ತೊಂದರೆ ಇದೆ ಅಂತ ಯಾರೂ ಹೇಳಿಲ್ಲ.

ಈಗ ಸಮಸ್ಯೆ ಏನೆಂದರೆ ಊರಿನ ಅಂಗಡಿಯಲ್ಲಿ ರಟ್ಟಿನ ಡಬ್ಬಿಯ ಜ್ಯೂಸ್ ಥರದ್ದು ಸಿಕ್ಕಿದೆ, ಅದೂ ಓಆರ್‌ಎಸ್ ಅಂತೆ. ಕೊಡಬಹುದಾ? ಪುಡಿಯದ್ದು ರುಚಿ ಇಲ್ಲ ಅಂತ ಅಪ್ಪ ಮುಖ ತಿರುಗಿಸುತ್ತಾರೆ. ಬಿಪಿ ಇರುವವರಿಗೆ ಉಪ್ಪು ಕೊಡಬಹುದಾ ಅಂತ ಅವ್ವನಿಗೆ ಬೇರೆ ಹೆದರಿಕೆ.

ಜಮಖಂಡಿ ಮೆಡಿಕಲ್:

ಆ ಡಬ್ಬಿ ಬೇಡ ಅಣ್ಣಾ. ನಾನು ಅಂಗಡಿಯಲ್ಲಿ ಕೂತು ದಿನಾ ಇದೇ ಹೇಳುತ್ತೇನೆ. ಜ್ಯೂಸ್ ಥರದ ಅಂಥ ಎಷ್ಟೋ ಡಬ್ಬಿಗಳಲ್ಲಿ ಸಕ್ಕರೆ ಜಾಸ್ತಿ, ಉಪ್ಪು ಕಡಿಮೆ. ಸಕ್ಕರೆ ಜಾಸ್ತಿಯಾದರೆ ಅದು ಕರುಳಿಗೇ ನೀರು ಎಳೆದು ಭೇದಿ ಹೆಚ್ಚು ಮಾಡುತ್ತದೆ. 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದವರು (ಎಫ್‌ಎಸ್‌ಎಸ್‌ಎಐ) ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಬರೆಯಬಾರದು ಎಂದು ಆದೇಶ ಮಾಡಿದರು. ಹೈದರಾಬಾದಿನ ಮಕ್ಕಳ ಡಾಕ್ಟರ್ ಒಬ್ಬರು ವರ್ಷಗಟ್ಟಲೆ ಹೋರಾಡಿದ ಮೇಲೆ ಆದದ್ದು ಅದು.

ಪುಡಿ ಪ್ಯಾಕೆಟ್ ತಿರುಗಿಸಿ ಓದಿ. ಒಂದು ಲೀಟರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9 ಅಂತ ಇದ್ದರೆ ಅದು ಸರಿಯಾದದ್ದು. ಜನ ಮಾಡುವ ದೊಡ್ಡ ತಪ್ಪು ಏನೆಂದರೆ ಒಂದು ಗ್ಲಾಸಿಗೆ ಎರಡು ಚಮಚ ಪುಡಿ ಹಾಕಿ ಕದಡಿ ಕೊಡುವುದು. ಅದು ವಿಪರೀತ ಉಪ್ಪಾಗುತ್ತದೆ. ದೊಡ್ಡ ಪ್ಯಾಕೆಟ್ ಆದರೆ ಪೂರ್ತಿ ಪುಡಿ, ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರು, ಅಷ್ಟೇ. 200 ಎಂಎಲ್‌ನ ಸಣ್ಣ ಪ್ಯಾಕೆಟ್ಟೂ ಬರುತ್ತದೆ, ಮೇಲೆ ಬರೆದದ್ದು ನೋಡಿಕೊಳ್ಳಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯವರ ಹತ್ತಿರ ಕೇಳಿ, ಅವರು ದುಡ್ಡಿಲ್ಲದೆ ಕೊಡುತ್ತಾರೆ.

ಇನ್ನೊಂದು ಹೇಳಲೇಬೇಕು. "ಒಂದು ಬಾಟಲಿ, ಒಂದು ಸೆಟ್, ಒಂದು ಸೂಜಿ ಕೊಡಿ" ಅಂತ ಚೀಟಿ ಇಲ್ಲದೆ ಬರುವವರು ಬಹಳ. ನಾನು ಕೊಡುವುದಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ಮೇಲೆಯೇ ಸಂಶಯ ಬಂದು ಸರ್ಕಾರ ಆ ಕಂಪನಿಯ ಮಾಲಿನ ಬಳಕೆ ತಡೆಯಿತು. ಸರ್ಕಾರಿ ಆಸ್ಪತ್ರೆಗೆ ಬರುವ ಮಾಲಿನ ಕಥೆಯೇ ಹೀಗಿದ್ದಾಗ ಬೈಕಿನ ಡಿಕ್ಕಿಯಲ್ಲಿ, ಈ ಬಿಸಿಲಲ್ಲಿ ದಿನವಿಡೀ ಕಾದ ಬಾಟಲಿಯನ್ನು ನಾನು ಹೇಗೆ ನಂಬಲಿ? ಎಲ್ಲೇ ಹಚ್ಚಿಸಿದರೂ ಬ್ಯಾಚ್ ನಂಬರ್ ಇರುವ ಬಿಲ್ ಇಟ್ಟುಕೊಳ್ಳಿ.

ಇಂಡಿ ಮಾಸ್ತರು:

ಎಲ್ಲರ ಮಾತಿಗೂ ಗೌರವ ಇದೆ. ಆದರೆ ಒಂದು ಪ್ರಶ್ನೆ. ಬಾಟಲಿ ಹಚ್ಚಿಸಿಕೊಂಡ ಜನ ಸಂಜೆಗೆ ಎದ್ದು ಓಡಾಡುವುದನ್ನು ನಾವು ಕಣ್ಣಾರೆ ನೋಡಿದ್ದೇವೆ. ಕಬ್ಬು ಕಡಿಯುವವರು, ಗೌಂಡಿ ಕೆಲಸದವರು, ಒಂದು ದಿನದ ಪಗಾರ ಹೋದರೆ ಒಲೆ ಹೊತ್ತುವುದಿಲ್ಲ ಅನ್ನುವವರು. ತಾಲೂಕು ಆಸ್ಪತ್ರೆಗೆ ಹೋದರೆ ಬಸ್ಸು, ಸಾಲು, ಚೀಟಿ ಅಂತ ಇಡೀ ದಿನ ಹೋಯಿತು. ಅದಕ್ಕೇ ಅವರು ಮನೆಗೆ ಬರುವವರನ್ನು ಕರೆಸುತ್ತಾರೆ. ಅವರನ್ನು ಬೈಯುವುದು ಸರಿಯಲ್ಲ.

ಓಆರ್‌ಎಸ್ ಸೇರದಿದ್ದರೆ ಉಪ್ಪು ಹಾಕಿದ ತೆಳು ಮಜ್ಜಿಗೆ, ಅಕ್ಕಿ ಗಂಜಿ, ಜೋಳದ ಅಂಬಲಿ ಕೊಡಿ. ನಮ್ಮ ಲಿಂಬಿಹಣ್ಣು ಹಿಂಡಿ ಶರಬತ್ತು ಮಾಡಿದರೆ ಒಂದು ಲೀಟರಿಗೆ ಮಟ್ಟಸ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಕಡಿಮೆ ಮಾಡಿ, ಬಣ್ಣದ ಸೋಡಾ ಬೇಡವೇ ಬೇಡ. ಮತ್ತು ಶೆಡ್ಡಿನ ಕೆಲಸದ ಹೊತ್ತು ಬದಲಿಸಿ. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಮುಗಿಸುತ್ತಾರೆ. ಫ್ಯಾನ್ ಕೆಳಗೆ ಕೂತವರಿಗೇ ಹಾಗಿದ್ದರೆ ಪತ್ರಾಸಿನ ಕೆಳಗೆ ನಿಂತ 68ರ ಮನುಷ್ಯನಿಗೆ ಹೇಗಿರಬೇಡ.

ನವನಗರ ಸಿಸ್ಟರ್:

ಮಾಸ್ತರೇ, ನೀವು ಹೇಳಿದ್ದು ನಿಜ, ಎದ್ದು ಓಡಾಡುತ್ತಾರೆ. ಒಣಗಿದ ಮೈಗೆ ಅರ್ಧ ಲೀಟರ್ ಉಪ್ಪುನೀರು ಹೋದರೆ ತಲೆತಿರುಗು ಕಡಿಮೆ ಆಗಲೇಬೇಕು. ಅದರ ಜೊತೆಗೆ ಅವರು ಆ ನಾಲ್ಕು ತಾಸು ನೆರಳಲ್ಲಿ ಮಲಗಿರುತ್ತಾರೆ, ಹೆಂಡತಿ ಮಕ್ಕಳು ಪಕ್ಕದಲ್ಲಿ ಕೂತು ಗಾಳಿ ಬೀಸುತ್ತಿರುತ್ತಾರೆ, ಕೆಲಸಕ್ಕೆ ಬಾ ಅಂತ ಯಾರೂ ಕರೆಯುವುದಿಲ್ಲ. ಅದನ್ನೇ ಓಆರ್‌ಎಸ್ ಕುಡಿಸಿ ಮಾಡಿದರೆ ಖರ್ಚು ಇಪ್ಪತ್ತು ರೂಪಾಯಿ ಆಸುಪಾಸು. ಕೂಲಿಯವರನ್ನು ನಾನು ಬೈಯುತ್ತಿಲ್ಲ. ಅವರ ಒಂದು ದಿನದ ಪಗಾರ ಒಂದು ಬಾಟಲಿಗೆ ಹೋಗುತ್ತದಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ಡಾಕ್ಟರ್ ಚೀಟಿ ಇಲ್ಲದೆ ನಾವು ನರ್ಸುಗಳೂ ನಮ್ಮಷ್ಟಕ್ಕೆ ನಾವೇ ಸಲಾಯಿನ್ ಹಚ್ಚುವಂತಿಲ್ಲ. ಮನೆಗೆ ಕಳಿಸುವ ಸಂಸ್ಥೆ ಯಾವುದೇ ಇರಲಿ, ಖಾಸಗಿ ಆಸ್ಪತ್ರೆಗಳ ರಾಜ್ಯ ಕಾಯ್ದೆಯ (ಕೆಪಿಎಂಇ) ನೋಂದಣಿ ಇದೆಯಾ, ಬರುವ ಸಿಸ್ಟರ್ ನರ್ಸಿಂಗ್ ಕೌನ್ಸಿಲ್ ನಂಬರ್ ಏನು ಅಂತ ಕೇಳಿ. ಸರಿಯಾದವರು ಬೇಜಾರಿಲ್ಲದೆ ತೋರಿಸುತ್ತಾರೆ.

ತಮ್ಮಾ, ಅವ್ವನಿಗೆ ಹೇಳಿ, ಭೇದಿ ಇರುವಾಗ ಓಆರ್‌ಎಸ್ ಉಪ್ಪಿಗೆ ಹೆದರಬೇಕಾಗಿಲ್ಲ, ಹೊರಗೆ ಹೋದ ಉಪ್ಪನ್ನೇ ತುಂಬುತ್ತಿದ್ದೇವೆ. ಭೇದಿ ನಿಂತ ಮೇಲೂ ಶಕ್ತಿಗೆ ಅಂತ ದಿನಾ ಕುಡಿಸಬಾರದು. ರುಚಿ ಸೇರದಿದ್ದರೆ ತಣ್ಣಗೆ ಮಾಡಿ ಕೊಡಿ, ಬೇಗ ಇಳಿಯುತ್ತದೆ. ಒಮ್ಮೆ ಕಕ್ಕಿದರೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೆ ಒಂದು ಚಮಚದಂತೆ ಮತ್ತೆ ಶುರುಮಾಡಿ.

ಪಿಎಚ್‌ಸಿ ಡಾಕ್ಟರ್, ಮುದ್ದೇಬಿಹಾಳ ಕಡೆ:

ನಾಳೆ ಹೋದಾಗ ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಮತ್ತು ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯೇಟಿನಿನ್, ಮೂರನ್ನೂ ನೋಡಿಸಿ. ಬಿಪಿಯನ್ನು ಮಲಗಿದಾಗ ಒಮ್ಮೆ, ನಿಂತಾಗ ಒಮ್ಮೆ ನೋಡಲು ಹೇಳಿ. ಅದರಲ್ಲಿ ಬಾಟಲಿ ಬೇಕು ಅಂತ ಅವರಿಗೆ ಕಂಡರೆ ಅಲ್ಲೇ ಹಚ್ಚುತ್ತಾರೆ, ಆಗ ಬೇಡ ಅನ್ನಬೇಡಿ. ರಾತ್ರಿ ಮಾತು ತೊದಲಿದರೆ, ಮೂತ್ರ ನಿಂತರೆ ನಾಳೆವರೆಗೆ ಕಾಯಬೇಡಿ.

ತಿಕೋಟಾ ಹುಡುಗ:

ಆಯಿತು ಸರ್. ಆಶಾ ಅಕ್ಕಾರ ಹತ್ತಿರ ಪ್ಯಾಕೆಟ್ ಸಿಕ್ಕಿತು, ತಣ್ಣಗೆ ಮಾಡಿಕೊಟ್ಟ ಮೇಲೆ ಅಪ್ಪ ಕುಡಿಯುತ್ತಿದ್ದಾರೆ. ಚಿಕ್ಕಪ್ಪನ ಮಗ ಬೆಳಿಗ್ಗೆ ಕಾರು ತರುತ್ತಾನೆ. ಕಲಸಿದ್ದು ಉಳಿದರೆ ನಾಳೆ ದಾರಿಗೆ ಒಯ್ಯಬಹುದಾ?

ನವನಗರ ಸಿಸ್ಟರ್:

ಮುಚ್ಚಿಟ್ಟರೆ ಕಲಸಿದ ಹೊತ್ತಿನಿಂದ 24 ತಾಸು ನಡೆಯುತ್ತದೆ. ಆಮೇಲೆ ಚೆಲ್ಲಿ ಹೊಸದು ಮಾಡಿ. ದಾರಿಗೆ ಬೆಳಿಗ್ಗೆ ಹೊಸದೇ ಕಲಸಿಕೊಂಡು ಹೋದರೆ ಇನ್ನೂ ಒಳ್ಳೆಯದು, ಮಾತ್ರೆ ಶೀಟನ್ನೂ ಜೊತೆಗೆ ಒಯ್ಯಲು ಹೇಳಿ.